ಗೋಡೆಯಾಚೆಯ ಲಾರಿ

ಪಕ್ಕದ ಮನೆಯ ಮುನೇಶನ ಟಿವಿಯಲ್ಲಿ ಲಾರಿ ಗುಡ್ಡ ಹತ್ತಿದರೆ ಅದರ ಸದ್ದು ನಮ್ಮ ಮನೆಗೆ ಕೇಳುತ್ತದೆ. ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರಿಗೆ ಕಟ್ಟಿದ ಈ ಲೈನುಮನೆಗಳಲ್ಲಿ ಎರಡು ಮನೆಗೆ ಒಂದೇ ಗೋಡೆ. ಅತ್ತ ಒಗ್ಗರಣೆ ಹಾಕಿದರೆ ಇತ್ತ ಸೀನು ಬರುತ್ತದೆ. ಸೀನನ್ನು ಹೇಗೋ ತಡೆದುಕೊಳ್ಳಬಹುದು. ಆ ಗೋಡೆಯಾಚೆಯಿಂದ ನಮ್ಮಪ್ಪ ನಗುವುದನ್ನು ಮಾತ್ರ ನನ್ನಿಂದ ತಡೆದುಕೊಳ್ಳಲಾಗುತ್ತಿರಲಿಲ್ಲ.

ನಮ್ಮಪ್ಪ ಕುಪ್ಪುಸ್ವಾಮಿ ಸುಮ್ಮಸುಮ್ಮನೆ ನಗುವ ಮನುಷ್ಯನಲ್ಲ. ಗಣಿಯ ಒಳಗೆ ಬಂಡೆಗೆ ತೂತು ಕೊರೆಯುವ ಡ್ರಿಲ್ಲಿಂಗ್ ಮಿಷಿನ್ ಹಿಡಿದು ದುಡಿದವನು. ಗಣಿ ಮುಚ್ಚಿದ ಮೇಲೆ ಅಲ್ಲಿ ಇಲ್ಲಿ ವಾಚ್‌ಮನ್ ಆಗಿದ್ದ, ಈಗ ಅದೂ ಇಲ್ಲ. ನನ್ನ ಜೊತೆ ಅವನ ಮಾತು “ಊಟ ಆಯ್ತಾ ವೇಣು” ಎಂದು ಶುರುವಾಗಿ ಅಲ್ಲೇ ಮುಗಿಯುತ್ತದೆ. ಅಂಥವನು ದಿನಾ ಸಂಜೆ ಟೀ ಕುಡಿದ ಲೋಟ ಕೆಳಗಿಟ್ಟು, ಚಪ್ಪಲಿ ಕೂಡ ಮೆಟ್ಟದೆ ಪಕ್ಕದ ಮನೆಗೆ ನಡೆಯುತ್ತಾನೆ. ಚಾಪೆಯ ಮೇಲೆ ಕೂತು, ಟಿವಿಗೆ ಸಿಕ್ಕಿಸಿದ ಗೇಮ್ ಕನ್ಸೋಲಿನಲ್ಲಿ ಲಾರಿ ಆಟ ಆಡುತ್ತಾನೆ. ಆಡಲಿ, ಬೇಡವೆಂದವರು ಯಾರು? ಆದರೆ ಮಗನ ಮನೆಯಲ್ಲಿ ಪಿಸಿ ಇರುವಾಗ ಕಂಡವರ ಮನೆಯ ಕನ್ಸೋಲ್ ಯಾಕೆ?

ನನ್ನ ಪಿಸಿ ಯಾರೋ ಡಬ್ಬದಲ್ಲಿ ತುಂಬಿ ಕೊಟ್ಟದ್ದಲ್ಲ. ರಾಬರ್ಟ್‌ಸನ್‌ಪೇಟೆಯ ಅಂಗಡಿಯೊಂದರಲ್ಲಿ ಮದುವೆ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು ಡಿಸೈನ್ ಮಾಡುತ್ತಾ, ಒಂದೊಂದೇ ಭಾಗ ತಂದು ನಾನೇ ಜೋಡಿಸಿದ್ದು. ಗ್ರಾಫಿಕ್ಸ್ ಕಾರ್ಡ್ ಬಂದ ದಿನ ಅಮ್ಮನ ಕೈಯಿಂದ ಅದಕ್ಕೆ ಕುಂಕುಮ ಇಡಿಸಿದ್ದೆ. ನನ್ನ ಮೌಸನ್ನು ಕೂದಲೆಳೆಯಷ್ಟು ಸರಿಸಿದರೆ ಪರದೆಯ ಮೇಲೂ ಕೂದಲೆಳೆಯಷ್ಟೇ ಸರಿಯುತ್ತದೆ. ಮುನೇಶನದು ಯಾರೋ ಆಡಿ ಬಿಟ್ಟ ಸೆಕೆಂಡ್ ಹ್ಯಾಂಡ್ ಮಾಲು. ಬೂದಿಕೋಟೆ ಕಡೆಯ ಹಸು ಕಟ್ಟುವ ಮನೆಯವನು, ಇಲ್ಲಿ ಬಾಡಿಗೆಗಿದ್ದುಕೊಂಡು ಹಾಲಿನ ವ್ಯಾನ್ ಓಡಿಸುತ್ತಾನೆ. ಫ್ರೇಮ್ ರೇಟ್ ಎಷ್ಟು ಎಂದು ಕೇಳಿದರೆ ಫೋಟೋಗೆ ಕಟ್ಟು ಹಾಕಿಸುವ ರೇಟು ಹೇಳುವ ಪೈಕಿ.

ಒಂದು ದಿನ ಬೀದಿ ನಲ್ಲಿಯ ಹತ್ತಿರ ಅವನನ್ನು ಬೇಕೆಂದೇ ಕೆಣಕಿದೆ.

“ಏನ್ ಮುನೇಶಾ, ಎಬ್ಬೆಟ್ಟಲ್ಲಿ ಆಡೋದೂ ಒಂದ್ ಆಟಾನಾ? ಒಂದ್ ಸಲ ಕೀಬೋರ್ಡು ಮೌಸು ಇಡ್ಕೊಂಡು ನೋಡು.”

“ನಿಂದು ದೊಡ್ಡದೇ ಬಿಡಣ್ಣ” ಎಂದು ಅವನು ಬಿಂದಿಗೆ ಎತ್ತಿಕೊಂಡ. “ನಂಗೆ ವ್ಯಾನ್ ಇಳಿಯೋವಷ್ಟೊತ್ತಿಗೆ ಸಾಕಾಗೋಗಿರ್ತದೆ. ಬಟನ್ ಒತ್ತಿದ್ರೆ ಆಟ ಬತ್ತದೆ, ಗೋಡೆಗೆ ಒರಗ್ಕೊಂಡು ಕಾಲ್ ಚಾಚ್ಕೊಂಡು ಆಡ್ತೀನಿ. ನಿನ್ನಂಗೆ ಡ್ರೈವರು, ಸೆಟ್ಟಿಂಗು ಅಂತ ಕುಂತ್ರೆ ಬೆಳಿಗ್ಗೆ ಆಲು ಯಾರ್ ಒಯ್ತಾರೆ?”

“ನಿಂದೂ ಅಪ್‌ಡೇಟ್ ಕೇಳ್ತದಲ್ಲ!”

“ಕೇಳ್ತದೆ. ಆವಾಗ ನಾನೂ ಕುಪ್ಪು ಮಾಮಾನೂ ಕಾಫಿ ಕುಡೀತೀವಿ.”

ಕುಪ್ಪು ಮಾಮ! ನಿನ್ನೆ ಮೊನ್ನೆ ಬಂದ ಬಾಡಿಗೆಯವನಿಗೆ ನಮ್ಮಪ್ಪ ಮಾಮ. ಆ ಬಿಂದಿಗೆಯ ನೀರನ್ನು ಅಲ್ಲೇ ಅವನ ತಲೆಗೆ ಸುರಿಯಬೇಕೆನಿಸಿತು.

ಬಿಡುವವನು ನಾನಲ್ಲ. ಅದೇ ಲಾರಿ ಆಟವನ್ನು ನನ್ನ ಪಿಸಿಗೂ ಹಾಕಿದೆ. ಟಿವಿಯಲ್ಲಿ ಬೂದಿ ಬಣ್ಣದ ಮುದ್ದೆಯಾಗಿ ಕಾಣುವ ಕಲ್ಲು ನನ್ನ ಪರದೆಯಲ್ಲಿ ಬಿರುಕು ಸಮೇತ ಕಾಣುತ್ತಿತ್ತು. ಅಪ್ಪನನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, ಮುಂದಕ್ಕೆ ಈ ಕೀ, ತಿರುಗಿಸಲು ಇವೆರಡು ಎಂದು ತೋರಿಸಿದೆ. ಅವನು ಬೆರಳಿಟ್ಟರೆ ಎರಡು ಕೀ ಒಟ್ಟಿಗೆ ಒತ್ತಿಕೊಳ್ಳುತ್ತಿತ್ತು. ಬೆರಳು ಎಲ್ಲಿದೆ ಎಂದು ಪ್ರತಿ ಸಲವೂ ಬಗ್ಗಿ ನೋಡುತ್ತಿದ್ದ, ಅಷ್ಟರಲ್ಲಿ ಲಾರಿ ಹಳ್ಳದಲ್ಲಿರುತ್ತಿತ್ತು.

“ಒತ್ತಿದ್ನಾ ಇಲ್ವಾ ಅಂತಾನೇ ತಿಳಿಯಾಕಿಲ್ಲ ಡಾ” ಎಂದು ಎದ್ದ.

ಅಪ್ಪನ ಬೆರಳ ತುದಿಗಳು ಸತ್ತಂತಿರುವುದು ಹೊಸ ವಿಷಯವೇನಲ್ಲ. ಡ್ರಿಲ್ಲಿಂಗ್ ಮಿಷಿನ್ ಹಿಡಿದವರ ಬೆರಳು ಹಾಗೆಯೇ. ಚಳಿಗಾಲದಲ್ಲಿ ಸುಣ್ಣದಂತೆ ಬಿಳಿಚಿಕೊಳ್ಳುತ್ತವೆ. ಅಪ್ಪನ ಅಂಗಿಯ ಗುಂಡಿಯನ್ನು ಇವತ್ತಿಗೂ ಅಮ್ಮ ಕದಿರಮ್ಮನೇ ಹಾಕುತ್ತಾಳೆ. ಹಾಗಾದರೆ ತೊಡಕು ಇರುವುದು ಸಣ್ಣ ಕೀಗಳಲ್ಲಿ, ಅಷ್ಟೇ ಎಂದುಕೊಂಡೆ. ಎರಡು ಕೈಯಲ್ಲಿ ಹಿಡಿದು ಹೆಬ್ಬೆಟ್ಟಲ್ಲಿ ಆಡುವ ಆ ಕಂಟ್ರೋಲರ್ ಎಂಬುದು ಮುನೇಶನ ಆಸ್ತಿಯೇನೂ ಅಲ್ಲವಲ್ಲ, ಪಿಸಿಗೂ ಹಾಕಬಹುದು!

ಪೇಟೆಯಲ್ಲೇ ಒಂದು ಸಿಕ್ಕಿತು. ಕೈಯಲ್ಲಿ ಹಿಡಿದರೆ ಹಗುರವಾಗಿತ್ತು. ವಯಸ್ಸಾದ ಕೈಗೆ ಹಗುರವಿದ್ದಷ್ಟೂ ಒಳ್ಳೆಯದು ಎಂದು ತಂದೆ. ಪರದೆಯನ್ನು ಮೇಜಿನಿಂದ ಇಳಿಸಿ ಸ್ಟೂಲಿನ ಮೇಲಿಟ್ಟೆ. ಮುನೇಶನ ಮನೆಯಂತೆಯೇ ಚಾಪೆ ಹಾಸಿದೆ, ಬೆನ್ನಿಗೆ ದಿಂಬನ್ನೂ ಕೊಟ್ಟೆ. ಕಾಫಿ ಮಾಡೆಂದು ಅಮ್ಮನಿಗೆ ಹೇಳಿದೆ.

“ನಿಂಗೇನ್ ಬಂತು ಇವತ್ತು, ಎಣ್ಣು ನೋಡೋಕ್ ಯಾರೋ ಬರೋರಿದ್ದಂಗೆ ಆಡ್ತಿದೀಯ” ಎಂದಳು ಅಮ್ಮ.

ಅಪ್ಪ ಕೂತ. ಒಂದು ಗುಡ್ಡ ಹತ್ತಿಸಿದ, ಒಂದು ಹಳ್ಳ ದಾಟಿಸಿದ. ಬೆರಳು ನೋಡಿಕೊಳ್ಳುವ ಗೋಜೂ ಇರಲಿಲ್ಲ. ನಾನು ಅವನ ಮುಖವನ್ನೇ ನೋಡುತ್ತಿದ್ದೆ, ಈಗ ನಕ್ಕಾನು, ಈಗ ನಕ್ಕಾನು ಎಂದು. ಅವನು ಕಂಟ್ರೋಲರನ್ನು ತಿರುಗಿಸಿ ಮುರುಗಿಸಿ ನೋಡಿದ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. “ಚೆನ್ನಾಗೈತೆ” ಎಂದು ಹೇಳಿ ಅದನ್ನು ದಿಂಬಿನ ಮೇಲಿಟ್ಟ. ಕಾಫಿಯನ್ನು ಗುಟುಕರಿಸಿ ಎದ್ದು ಹೋದ. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಲಾರಿ ಶುರುವಾಯಿತು.

ಚಾಪೆ, ದಿಂಬು, ಕಾಫಿ, ಕಂಟ್ರೋಲರ್, ಅವನ ಮನೆಯಲ್ಲಿರುವುದೆಲ್ಲ ಇಲ್ಲೂ ಇತ್ತು. ಇನ್ನು ಉಳಿದ ವ್ಯತ್ಯಾಸ ಒಂದೇ. ಅಲ್ಲಿ ಮುನೇಶ ಇದ್ದ, ಇಲ್ಲಿ ನಾನು. ಹಾಲಿನ ವ್ಯಾನಿನವನು ಅಪ್ಪನಿಗೆ ಬೇಕು, ಹೆತ್ತ ಮಗ ಬೇಡ. ಇವತ್ತು ಕೇಳಿಯೇ ಬಿಡುತ್ತೇನೆ ಎಂದು ಅಮ್ಮ ತಡೆಯುತ್ತಿದ್ದರೂ ಕೇಳದೆ ಪಕ್ಕದ ಮನೆಗೆ ನುಗ್ಗಿದೆ.

ಬಾಗಿಲಲ್ಲೇ ಮುನೇಶನ ಹೆಂಡತಿ ರೂಪ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡಿದಳು. ಮುನೇಶ ಚಾಪೆಯ ತುದಿಯಲ್ಲಿ ಇನ್ನೊಂದು ಕಂಟ್ರೋಲರ್ ಹಿಡಿದು ತೆಪ್ಪಗೆ ಕೂತಿದ್ದ. ಟಿವಿಯಲ್ಲಿ ಅಪ್ಪನ ಲಾರಿ ಒಂದು ಬಂಡೆಗೆ ಮೂತಿಯಿಟ್ಟು ನಿಂತಲ್ಲೇ ಗುರುಗುಟ್ಟುತ್ತಿತ್ತು. ಅಪ್ಪ ಬಟನ್ ಬಿಟ್ಟಿರಲಿಲ್ಲ. ಅವನ ಕಣ್ಣು ಮುಚ್ಚಿತ್ತು. ಕಂಟ್ರೋಲರ್ ಗಡಗಡ ಅದುರುತ್ತಿತ್ತು. ಅವನ ಎರಡು ಅಂಗೈ ಅದನ್ನು ತಬ್ಬಿ ಹಿಡಿದಿದ್ದವು, ಮೊಣಕೈವರೆಗೂ ನಡುಕ ಕಾಣುತ್ತಿತ್ತು. ಮುಖದಲ್ಲಿ ನಗು.

ನಾನು ತಂದದ್ದು ಹಗುರವಾಗಿದ್ದುದು ಯಾಕೆಂದು ಆಗ ತಿಳಿಯಿತು. ಅದರೊಳಗೆ ಅದುರಿಸುವ ಮೋಟಾರೇ ಇರಲಿಲ್ಲ.

“ನಮ್ಮನೇಲಿ ಇಲ್ದಿರೋದು ಇಲ್ಲೇನೈತೆ ಅಂತ ಕೇಳೋಕ್ ಬಂದೆ” ಎಂದೆ. ಬೈಯಬೇಕೆಂದು ಬಂದಿದ್ದ ದನಿ ಅರ್ಧದಲ್ಲೇ ಇಳಿದಿತ್ತು.

ಅಪ್ಪ ಕಣ್ಣು ತೆರೆಯಲಿಲ್ಲ. “ಇದ್ರಲ್ಲಿ ಕೈ ಐತೆ ಅಂತ ಗೊತ್ತಾಗ್ತದೆ ಡಾ” ಎಂದ. “ಬೇರೆ ಏನ್ ಮುಟ್ಟಿದ್ರೂ ಗೊತ್ತಾಗಾಕಿಲ್ಲ. ನೀ ಉಟ್ಟಾಗ ಆಸ್ಪತ್ರೇಲಿ ನಿನ್ನ ನನ್ ಕೈಗೆ ಕೊಟ್ರು. ಕೆನ್ನೆ ಮುಟ್ಟಿದೆ. ಮೆತ್ತಗೈತಾ ಅಂತ ನಿಮ್ಮಮ್ಮನ್ನ ಕೇಳ್ದೆ. ಐತೆ ಅಂದ್ಳು.”

ಲಾರಿ ಗುರುಗುಟ್ಟುತ್ತಲೇ ಇತ್ತು. ನನ್ನ ಹೊಟ್ಟೆಕಿಚ್ಚು ಹೋಗಲಿಲ್ಲ, ಸುಳ್ಳೇಕೆ ಹೇಳಲಿ? ಮುನೇಶನ ಮೇಲಿದ್ದದ್ದು ಗಣಿಯ ಆ ಡ್ರಿಲ್ಲಿಂಗ್ ಮಿಷಿನ್ನಿನ ಮೇಲೆ ತಿರುಗಿತು. ನಾನು ಹುಟ್ಟುವ ಮೊದಲೇ ಅಪ್ಪನ ಬೆರಳುಗಳನ್ನು ಅದು ತೆಗೆದುಕೊಂಡುಬಿಟ್ಟಿತ್ತು. ಅದು ಕೊಟ್ಟ ನಡುಕವೊಂದೇ ಅವನಿಗೆ ಇನ್ನೂ ಗೊತ್ತಾಗುತ್ತದೆ, ನನ್ನ ಕೆನ್ನೆ ಗೊತ್ತಾಗಲಿಲ್ಲ.

ಮುನೇಶ ತನ್ನ ಕಂಟ್ರೋಲರನ್ನು ನನ್ನ ಕಡೆ ಚಾಚಿ, “ಕುತ್ಕೋ ಬಾರಣ್ಣ” ಎಂದ.

ಕೂತೆ. ಹಾಳಾದ್ದು, ಕೈಗೆ ಅಚ್ಚುಕಟ್ಟಾಗಿ ಕೂತುಕೊಂಡಿತು. ನನ್ನ ಹೆಬ್ಬೆಟ್ಟಿಗೆ ಅಭ್ಯಾಸವಿಲ್ಲ. ಅದೇ ಆಟದಲ್ಲಿದ್ದ ಮುನೇಶನ ಲಾರಿ ಎಡಕ್ಕೆ ಎಂದರೆ ಬಲಕ್ಕೆ ಹೋಯಿತು, ಮರಕ್ಕೆ ಗುದ್ದಿತು, ಹಿಂದಕ್ಕೆ ಬಂತು. ಮೌಸ್ ಇದ್ದಿದ್ದರೆ ಇಷ್ಟು ಹೊತ್ತಿಗೆ ತಲುಪಿರುತ್ತಿದ್ದೆ. ಹೇಗೋ ತಿಣುಕಿ ಅಪ್ಪನ ಲಾರಿಯ ಹಿಂದೆ ತಂದು ನಿಲ್ಲಿಸಿದೆ. ಅಪ್ಪ ಬಟನ್ ಬಿಟ್ಟು ಸುಧಾರಿಸಿಕೊಳ್ಳುತ್ತಿದ್ದ. ಅವನ ಕೈ ಸುಮ್ಮನಿತ್ತು.

ಮೆಲ್ಲಗೆ ಒಂದು ಗುದ್ದು ಕೊಟ್ಟೆ. ಅಪ್ಪನ ಅಂಗೈಯಲ್ಲಿ ಕಂಟ್ರೋಲರ್ ಜಗ್ ಎಂದಿತು.

“ಯಾರ್ಲಾ ಅದು?” ಎಂದ, ಕಣ್ಣು ಮುಚ್ಚಿಯೇ.

“ನಾನು” ಎಂದೆ. ಮತ್ತೆ ಗುದ್ದಿದೆ.