ಅರವತ್ತೆರಡರಲ್ಲಿ ಸೊನ್ನೆ

"ಏಯ್, ಮ್ಯಾಕ್ ಅತ್ತಬ್ಯಾಡ! ಅಲ್ಲೇ ನಿಂತ್ಕಂಡು ಮಾತಾಡು," ಎಂದಳು ನರ್ಸು ರಾಧ. "ಚೀಟಿ ಗೀಟಿ ಏನೂ ಇಲ್ಲ. ಕ್ಯಾಂಪ್‌ನಾಗೆ ನೋಡಾಯ್ತಲ್ಲ? ಪುಸ್ತಕದಾಗೆ ನಿಂದು ನಾರ್ಮಲ್."

ಮುನಿಶಾಮಮ್ಮ, ಕ್ಯಾನ್ಸರ್ ತಪಾಸಣೆಯ ಕ್ಯಾಂಪು ನಡೆದಿದ್ದ ಹಾಲಿನ ಡೈರಿಯ ಮೆಟ್ಟಿಲ ಕೆಳಗೇ ನಿಂತಳು. ಎಡಮೊಲೆಯಲ್ಲಿ ಹುಣಸೆಬೀಜದಷ್ಟಿದ್ದ ಗಂಟು ಎರಡೇ ತಿಂಗಳಲ್ಲಿ ಗೋಲಿಯಷ್ಟಾಗಿತ್ತು. ನೋವಿರಲಿಲ್ಲ. ನೋವಿಲ್ಲದ್ದೇ ಅವಳಿಗೆ ಹೆಚ್ಚು ಭಯ. ದಿನಕ್ಕೆ ಹತ್ತು ಸಲ ಸೆರಗಿನೊಳಗೆ ಕೈ ಹಾಕುವಳು. ಇರಬಾರದು ದೇವರೇ ಅನ್ನುವಷ್ಟರಲ್ಲಿ ಬೆರಳಿಗೆ ಸಿಕ್ಕೇಬಿಡುವುದು. ದೊಡ್ಡಾಸ್ಪತ್ರೆಯಲ್ಲಿ ಬಿಟ್ಟಿ ಪರೀಕ್ಷೆಯಾಗಲು ರಾಧಳ ಚೀಟಿ ಬೇಕು.

"ಎಲ್ಲಿ ನೋಡಿದ್ರಿ ನರ್ಸಮ್ಮಾ? ಊರೋರ್ನ ಒಳಗೆ ಮಲಗಿಸ್ಕಂಡು ಅಮುಕಿ ನೋಡಿದ್ರಿ. ನಮ್ ಕಾಲೋನಿಯೋರ್ನ ಇಲ್ಲೇ ಬಿಸಿಲಾಗೆ ಸಾಲು ನಿಲ್ಸಿ, ಗಂಟು ಐತಾ ಇಲ್ವಾ ಅಂತ ಕೂಗಿ ಕೇಳಿದ್ರಿ. ಸುತ್ತ ಗಂಡಸ್ರು. ನಾಚ್ಕಂಡು ಇಲ್ಲ ಅಂದೆ."

"ನೀನೇ ಇಲ್ಲ ಅಂದ್ಮೇಲೆ ನಾನೇನ್ ಕನಸು ಕಾಣ್ಬೇಕಿತ್ತಾ?"

ಒಳಗಿಂದ ಪಂಚಾಯಿತಿ ಅಧ್ಯಕ್ಷ ಶ್ರೀರಾಮಪ್ಪ ಬಂದ. ಮುನಿಶಾಮಮ್ಮ, ಅವಳ ಸೊಸೆ ಅಂಬಿಕ ಇಬ್ಬರೂ ಟೊಮೆಟೊ ಕೀಳುವುದು ಅವನ ತೋಟದಲ್ಲೇ.

"ಲೇ, ಬೆಂಗಳೂರಿಂದ ಡಾಕ್ಟ್ರಮ್ಮ ಬತ್ತಾವ್ರೆ, ಕ್ಯಾಂಪು ಎಂಗಾಯ್ತು ಅಂತ ಕೇಳಕ್ಕೆ. ನೂರಕ್ಕೆ ನೂರು ಅಂತ ಬರ್ಸಿದೀವಿ. ಗಂಟು ಗಿಂಟು ಅಂತ ಬಾಯ್ ಬಿಟ್ಯೋ ಮುಂಡೆ, ನಾಳೆಯಿಂದ ತೋಟದ್ ಕಡೆ ಕಾಲಿಕ್ಬ್ಯಾಡ. ನಿನ್ ಸೊಸೇನೂ ಅಷ್ಟೇಯ."

"ನಮ್ಮೈಕ್ಳಿಗೆ ಮೂವತ್ತೈದೇ ಬರಕಿಲ್ಲ, ನಮಗೆ ನೂರಾ!" ಕಾಲೋನಿಯವರ ಜೊತೆ ಹಿಂದೆ ನಿಂತಿದ್ದ ಪಕ್ಕದ ಮನೆಯ ಅಮ್ಮಾಜಮ್ಮ ಗೊಣಗಿದಳು.

ಜೀಪು ಬಂತು. ಡಾಕ್ಟರ್ ಸಹನ ಜಗುಲಿಯ ಕುರ್ಚಿಯಲ್ಲಿ ಕುಳಿತು ಫೈಲು ಬಿಚ್ಚಿದಳು.

"ಕಾಲೋನಿಯಲ್ಲಿ ಪರೀಕ್ಷೆಗೆ ಬಂದವರು ಅರವತ್ತೆರಡು. ಗಂಟು ಸಿಕ್ಕಿದ್ದು ಸೊನ್ನೆ. ಒಬ್ಬರಿಗೂ ಇಲ್ವಾ?"

"ಕೂಲಿ ಮಾಡೋ ಮೈಯಿ ಮೇಡಂ, ಕಲ್ಲಿದ್ದಂಗೆ," ಶ್ರೀರಾಮಪ್ಪ ನಕ್ಕ.

ಅವಳು ಪಟ್ಟಿಯ ಮೇಲೆ ಪೆನ್ನು ಓಡಿಸಿದಳು. "ಮುನಿಶಾಮಮ್ಮ ಯಾರು? ನಿಮ್ಮನ್ನ ಸರಿಯಾಗಿ ಪರೀಕ್ಷೆ ಮಾಡಿದ್ರಾ ಅಮ್ಮಾ?"

ಶ್ರೀರಾಮಪ್ಪ ನೋಡುತ್ತಿದ್ದ. ಕಂಕುಳಲ್ಲಿ ಮಗು ಹೊತ್ತ ಅಂಬಿಕ ನೆಲ ನೋಡುತ್ತಿದ್ದಳು. ಮುನಿಶಾಮಮ್ಮ ಹೂಂ ಎನ್ನಲೆಂದೇ ಬಾಯಿ ತೆರೆದಳು. ಆದರೆ ಕಾಲು ಮೆಟ್ಟಿಲೇರಿತು.

"ಏಯ್! ಏಯ್!" ರಾಧ ಕಿರುಚಿದಳು.

ಮುನಿಶಾಮಮ್ಮ ಡಾಕ್ಟರಮ್ಮನ ಕೈಯನ್ನೇ ಹಿಡಿದಳು. ಪೆನ್ನು ಉರುಳಿತು. ಆ ಕೈಯನ್ನು ಸೆರಗಿನಡಿಗೆ ಎಳೆದು ರವಿಕೆಯ ಮೇಲೆ ಒತ್ತಿ ಹಿಡಿದಳು.

"ನನ್ನೇನ್ ಕೇಳ್ತೀಯ ತಾಯಿ. ನೀನೇ ನೋಡು."

"ಬಿಡೇ, ಮಾನಗೆಟ್ಟೋಳೇ!" ಶ್ರೀರಾಮಪ್ಪ ಅಬ್ಬರಿಸಿದ. ಗಂಡಸರು ಮುಖ ತಿರುಗಿಸಿದರು.

ಸಹನ ಕೈ ಕಿತ್ತುಕೊಳ್ಳಲು ನೋಡಿದಳು. ಮರುಕ್ಷಣ ಅವಳ ಬೆರಳುಗಳು ತಾವಾಗಿಯೇ ಸರಿದಾಡಿ ಒಂದು ಕಡೆ ನಿಂತವು. ಮೆಲ್ಲಗೆ ಕಂಕುಳಿನತ್ತ ಹೋದವು. ಅಲ್ಲಿಯೂ ನಿಂತವು.

ಮುನಿಶಾಮಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ತನ್ನ ಕಂಕುಳನ್ನು ತಾನು ಇದುವರೆಗೆ ಒಮ್ಮೆಯೂ ತಡವಿ ನೋಡಿಕೊಂಡಿರಲಿಲ್ಲ.