ಸೈಕಲ್ ಕಾರಿನ ಮೇಲೆ, ಮಾತು ಕಾರಿನೊಳಗೆ

ಮಸ್ಕಿಯಲ್ಲಿ ಸೈಕಲ್ ಕೊಳ್ಳುವುದು ಸುಲಭ. ಕೊಂಡ ಸೈಕಲನ್ನು ಇನ್ನೊಂದು ಊರಿಗೆ ಸಾಗಿಸುವುದೇ ಕಷ್ಟ. ಬಸ್ಸಿನವರು ಒಮ್ಮೆ ಹಾಕಿಕೊಳ್ಳುತ್ತಾರೆ, ಜನ ಹೆಚ್ಚಿದ್ದರೆ ಬೇಡ ಎನ್ನುತ್ತಾರೆ. ಆಟೋದಲ್ಲಿ ತುರುಕಿದರೆ ಚಕ್ರ ಹೊರಗೆ, ಹ್ಯಾಂಡಲ್ ಯಾರದೋ ಮೊಣಕಾಲಿಗೆ.

ಬಟ್ಟೆ ವ್ಯಾಪಾರಿ ಸೂಗಪ್ಪನಿಗೂ ಇದೇ ತಾಪತ್ರಯ. ಅವನ ಮಗಳು ಶಿವಕುಮಾರಿ ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಳು. ಸೈಕಲ್ ಓಟದಲ್ಲಿ ತಾಲೂಕು ಮಟ್ಟದಲ್ಲಿ ಗೆದ್ದು, ಲಿಂಗಸುಗೂರಿನಲ್ಲಿ ನಡೆಯುವ ದೊಡ್ಡ ಸ್ಪರ್ಧೆಗೆ ಆಯ್ಕೆಯಾಗಿದ್ದಳು. ಭಾನುವಾರ ಬೆಳಿಗ್ಗೆ ಸಿಂಧನೂರಿನ ಕಾಲುವೆ ದಂಡೆಯ ರಸ್ತೆಯಲ್ಲಿ ಆರ್ಜೂ ಎಂಬ ದೈಹಿಕ ಶಿಕ್ಷಕಿ ಹುಡುಗಿಯರಿಗೆ ತರಬೇತಿ ಕೊಡುತ್ತಿದ್ದರು. ಸೂಗಪ್ಪ ತನ್ನ ಹಳೆಯ ಕಾರಿನ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಸೈಕಲ್ ಮಲಗಿಸಿ, ಹಗ್ಗವನ್ನು ಕಿಟಕಿಯೊಳಗಿಂದ ಹಾಯಿಸಿ ಬಿಗಿಯುತ್ತಿದ್ದ. ಬಟ್ಟೆಯ ಗಂಟು ಕಟ್ಟಿ ಕಟ್ಟಿ ಪಳಗಿದ ಕೈ. ತನ್ನ ಗಂಟಿನ ಮೇಲೆ ಅವನಿಗೆ ಭಾರಿ ನಂಬಿಕೆ.

ಅವನ ತಾಯಿ ಕಸ್ತೂರೆಮ್ಮ ಒಂದು ಭಾನುವಾರವೂ ತಪ್ಪಿಸುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಮೊಮ್ಮಗಳ ಪಕ್ಕ ಅವರ ಜಾಗ ಖಾಯಂ. ವಯಸ್ಸಾಗಿ ಕಿವಿ ಮಂದವಾಗಿದ್ದರಿಂದ ಮಗ ಕಿವಿ ಮಷಿನ್ ಕೊಡಿಸಿದ್ದ. ಆದರೆ ಕಾರು ಊರು ದಾಟಿ ವೇಗ ಹಿಡಿದೊಡನೆ ಹಗ್ಗ ಗುಂಯ್‌ಗುಡುತ್ತಿತ್ತು, ಅರ್ಧ ತೆರೆದ ಕಿಟಕಿಯಿಂದ ಗಾಳಿ ಭೋರೆನ್ನುತ್ತಿತ್ತು. ಮಷಿನ್‌ನಲ್ಲಿ ಅದೆಲ್ಲ ಹತ್ತು ಪಟ್ಟಾಗಿ ಕೇಳಿ ಮುದುಕಿಯ ತಲೆ ಸಿಡಿಯುತ್ತಿತ್ತು. ಅವರು ಮಷಿನ್ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡು ಸುಮ್ಮನೆ ಕೂರುತ್ತಿದ್ದರು. ಮೊಮ್ಮಗಳು ಏನೋ ಹೇಳುತ್ತಿದ್ದಳು, ಅಜ್ಜಿ ನಗುತ್ತಿದ್ದರು.

ಕಾರಿನ ಮೇಲೆ ಕೂರಿಸುವ ಕ್ಯಾರಿಯರ್ ಸಿಗುತ್ತದೆ, ಒಂದು ಹಾಕಿಸಿ ಎಂದು ಆರ್ಜೂ ಆಗಲೇ ಹೇಳಿದ್ದರು. ಸೂಗಪ್ಪ ಒಪ್ಪಿರಲಿಲ್ಲ. ಗೆಳೆಯ ಚನ್ನವೀರನ ಕಾರಿನ ಮೇಲೆ ಅಂಥದೇ ಕ್ಯಾರಿಯರಿನ ಕಂಬಿಗಳಿದ್ದವು. ಆ ಕಾರಿನಲ್ಲಿ ಕುಳಿತು ಲಿಂಗಸುಗೂರಿನಿಂದ ಬರುವಾಗ ದಾರಿಯುದ್ದಕ್ಕೂ ಊಳಿಡುವ ಸದ್ದು. ಹಗ್ಗದ ಸದ್ದೇ ಸಾಕಾಗಿದೆ, ಅದನ್ನೂ ಯಾಕೆ ತಲೆ ಮೇಲೆ ಕಟ್ಟಿಕೊಳ್ಳಲಿ ಎಂಬುದು ಅವನ ವಾದ.

ಒಂದು ಭಾನುವಾರ ಮಸ್ಕಿ ದಾಟಿ ಸ್ವಲ್ಪ ದೂರ ಹೋಗಿದ್ದರು. ಶಿವಕುಮಾರಿಯ ಪಕ್ಕದ ಗಾಜಿನಾಚೆ ಸೈಕಲ್ಲಿನ ಮುಂಚಕ್ರ ಜೋತಾಡುತ್ತಿತ್ತು. ಅವಳು ಅಪ್ಪನನ್ನು ಕೂಗಿದಳು. ಗಾಳಿಯ ಅಬ್ಬರದಲ್ಲಿ ಅವನಿಗೆ ಕೇಳಲಿಲ್ಲ. ಮತ್ತೆ ಕೂಗಿದಳು. ಅಜ್ಜಿಯೊಂದಿಗೆ ಏನೋ ಮಾತಾಡುತ್ತಿದ್ದಾಳೆ ಎಂದುಕೊಂಡು ಅವನು ಹಾಗೇ ಓಡಿಸಿದ. ಕಸ್ತೂರೆಮ್ಮನಿಗೂ ಏನೂ ಕೇಳಿಸಿರಲಿಲ್ಲ, ಆದರೆ ಮೊಮ್ಮಗಳ ಗಾಬರಿಯ ಮುಖ ಕಂಡಿತು. ಮುಂದೆ ಬಾಗಿ ಮಗನ ಭುಜವನ್ನು ಜೋರಾಗಿ ತಟ್ಟಿದರು.

ಸೂಗಪ್ಪ ಬ್ರೇಕ್ ಒತ್ತುವಷ್ಟರಲ್ಲಿ ಸೈಕಲ್ ಜಾರಿ ಡಾಂಬರಿನ ಮೇಲೆ ಬಿತ್ತು. ಹಿಂದೆ ಬರುತ್ತಿದ್ದ ಮೋಟರ್‌ಬೈಕಿನವನು ಗಕ್ಕನೆ ಹೊರಳಿಸಿ ರಸ್ತೆ ಬದಿಯ ಮಣ್ಣಿಗೆ ಇಳಿದ. ಬೈಕ್ ಓಲಾಡಿ ಹೇಗೋ ನಿಂತಿತು. ಹಿಂದೆ ಅವನ ಹೆಂಡತಿ, ಅವಳ ಮಡಿಲಲ್ಲಿ ಟೋಪಿ ಹಾಕಿದ ಎಳೆಕೂಸು. ಸೂಗಪ್ಪ ಓಡಿ ಹೋದ. ಬೈಯಲಿ, ಹೊಡೆಯಲಿ ಎಂದೇ ಅವನು ತಲೆ ತಗ್ಗಿಸಿ ನಿಂತ. ಆ ಹೆಣ್ಣುಮಗಳು ಬೈಯಲಿಲ್ಲ. ಕೂಸನ್ನು ಎದೆಗೆ ಒತ್ತಿಕೊಂಡು ಇಷ್ಟೇ ಹೇಳಿದಳು:

“ಅಣ್ಣಾರ, ಕಟ್ಟೋ ಮುಂದ ಹಿಂದ ಬರೋರ್ನೂ ಸ್ವಲ್ಪ ನೆನಸ್ರಿ.”

ಅವರು ಹೋದ ಮೇಲೆ ಸೂಗಪ್ಪ ಹಗ್ಗ ಹಿಡಿದು ನೋಡಿದ. ಗಂಟು ಬಿಚ್ಚಿರಲಿಲ್ಲ. ಗಾಳಿಯ ಎಳೆತಕ್ಕೆ ಹಗ್ಗವೇ ಸಡಿಲವಾಗಿ ಸೈಕಲ್ ಅದರಡಿಯಿಂದ ನುಸುಳಿತ್ತು.

ಇನ್ನು ಸೈಕಲ್ಲೂ ಬೇಡ, ಸಿಂಧನೂರೂ ಬೇಡ ಎಂದ ಸೂಗಪ್ಪ. ಶಿವಕುಮಾರಿ ಚಕ್ರ ಸೊಟ್ಟಗಾದ ಸೈಕಲನ್ನು ಮನೆಯ ಗೋಡೆಗೆ ಆನಿಸಿಟ್ಟು ಒಳಗೆ ಹೋದಳು. ಎರಡು ದಿನ ಊಟಕ್ಕೆ ಕುಳಿತರೂ ತುತ್ತು ಇಳಿಯಲಿಲ್ಲ. ಆಗ ಕಸ್ತೂರೆಮ್ಮ ಮಗನನ್ನು ಪಕ್ಕಕ್ಕೆ ಕರೆದರು.

“ತಪ್ಪು ಸೈಕಲ್ದಲ್ಲ, ಕೂಸಿಂದೂ ಅಲ್ಲ. ನೀ ಕಟ್ಟಿದ್ದು ಸರಿ ಇರಲಿಲ್ಲ, ಆಕಿ ಒದರಿದ್ದು ನಿನಗ ಕೇಳಲಿಲ್ಲ. ಇವೆರಡು ಸರಿ ಮಾಡು. ಆಕಿನ್ನ ಯಾಕ ಮನ್ಯಾಗ ಕುಂದ್ರಸ್ತೀ?”

ಸೂಗಪ್ಪ ಆರ್ಜೂಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದ. ಆಕೆ ಮೊದಲು ಬೈಕಿನಲ್ಲಿದ್ದ ಕೂಸಿಗೆ ಏನೂ ಆಗಲಿಲ್ಲ ತಾನೇ ಎಂದು ಕೇಳಿದರು. ಆಮೇಲೆ, ಕಾರಿನ ಜೊತೆ ಬಂದ ಪುಸ್ತಕದಲ್ಲಿ ಕಾರಿನ ಚಾವಣಿ ಎಷ್ಟು ಭಾರ ತಡೆಯುತ್ತದೆ ಎಂದು ಬರೆದಿರುತ್ತದೆ, ಕ್ಯಾರಿಯರ್ ಮತ್ತು ಸೈಕಲ್ ಎರಡರ ತೂಕ ಸೇರಿ ಅದರೊಳಗೆ ಇರಬೇಕು, ನೋಡಿಕೊಂಡು ಬನ್ನಿ ಎಂದರು. ಅವರ ಗಂಡ ಇಲಿಯಾಸ್ ಸಿಂಧನೂರಿನಲ್ಲಿ ಕಾರಿನ ಸಾಮಾನಿನ ಅಂಗಡಿ ಇಟ್ಟಿದ್ದರು.

ಪುಸ್ತಕದಲ್ಲಿ ಭಾರ ನೋಡಿಕೊಂಡು, ತಾಯಿಯನ್ನೂ ಮಗಳನ್ನೂ ಕರೆದುಕೊಂಡು ಆ ಅಂಗಡಿಗೆ ಹೋದ ಸೂಗಪ್ಪ ತನ್ನ ಅನುಮಾನವನ್ನು ಮುಚ್ಚಿಡಲಿಲ್ಲ. “ಸದ್ದು ಮತ್ತ ಹೆಚ್ಚಾದ್ರ ಏನ್ ಮಾಡ್ಲಿ ಮೇಡಂ? ನಮ್ಮವ್ವಗ ಈಗ್ಲೇ ಕುಂದ್ರಾಕ ಆಗವಲ್ದು.”

ಆರ್ಜೂ ಎರಡು ಕಂಬಿಗಳನ್ನು ತಂದು ಅವನ ಕೈಗೆ ಕೊಟ್ಟರು. ಒಂದು ಚೌಕಾಕಾರದ್ದು, ಇನ್ನೊಂದು ಹಕ್ಕಿಯ ರೆಕ್ಕೆಯಂತೆ ಮುಂದೆ ದುಂಡಗೆ, ಹಿಂದೆ ತೆಳ್ಳಗೆ. ಚೌಕ ಕಂಬಿಗೆ ಗಾಳಿ ಡಿಕ್ಕಿ ಹೊಡೆದು ಸುತ್ತಿಕೊಳ್ಳುತ್ತದೆ, ಅದಕ್ಕೇ ಊಳಿಡುತ್ತದೆ. ರೆಕ್ಕೆಯಂಥದರ ಮೇಲೆ ಗಾಳಿ ಜಾರಿಕೊಂಡು ಹೋಗುತ್ತದೆ ಎಂದರು. ಸೂಗಪ್ಪ ಎರಡನ್ನೂ ಬೆರಳಿನಿಂದ ಸವರಿ ನೋಡಿ ಎರಡನೆಯದನ್ನು ಆರಿಸಿದ.

ಅಂಗಡಿ ಮುಂದಿನ ಬೇವಿನ ಗಿಡದ ಕೆಳಗೆ ಕೆಲಸ ನಡೆಯಿತು. ಕಾರಿನ ಚಾವಣಿಯ ಧೂಳು ಒರೆಸಿದರು. ಅವನ ಕಾರಿಗೆಂದೇ ಮಾಡಿದ ಹಿಡಿಕೆಗಳನ್ನು ಬಾಗಿಲ ಮೇಲಿನ ಅಂಚಿಗೆ ಕೂರಿಸಿ, ಎರಡು ಅಡ್ಡ ಕಂಬಿಗಳ ನಡುವೆ ಕಂಪನಿ ಹೇಳಿದಷ್ಟೇ ಅಂತರ ಬಿಟ್ಟರು. ಒಂದೇ ಬದಿ ಪೂರ್ತಿ ಬಿಗಿದರೆ ಕಂಬಿ ಓರೆಯಾಗುತ್ತದೆಂದು ಇಲಿಯಾಸ್ ಅತ್ತ ಸ್ವಲ್ಪ, ಇತ್ತ ಸ್ವಲ್ಪ ಬಿಗಿದರು. ಕಂಬಿಗಳ ಮೇಲೆ ಸೈಕಲ್ ನಿಲ್ಲಿಸುವ ಉದ್ದನೆಯ ತಟ್ಟೆ ಕೂರಿಸಿದರು. ರಿಪೇರಿಯಾಗಿ ಬಸ್ಸಿನಲ್ಲಿ ಬಂದ ಸೈಕಲ್ಲನ್ನು ಅದರಲ್ಲಿ ನಿಲ್ಲಿಸಿ, ಚೌಕಟ್ಟನ್ನು ತಟ್ಟೆಯ ಹಿಡಿಕೆಗೆ ಸಿಕ್ಕಿಸಿ, ಎರಡೂ ಚಕ್ರಕ್ಕೆ ಬೆಲ್ಟ್ ಹಾಕಿದರು. ನೀರಿನ ಬಾಟಲಿ, ಪಂಪು ಎಲ್ಲ ಬಿಚ್ಚಿ ಕಾರಿನೊಳಗೆ ಇಡಲು ಹೇಳಿದರು. ಕೊನೆಗೆ ಆರ್ಜೂ ಶಿವಕುಮಾರಿಯನ್ನು ಕರೆದು ಸೈಕಲ್ ಅಲ್ಲಾಡಿಸಿ ನೋಡೆಂದರು. ಅವಳು ಎಳೆದಾಗ ಸೈಕಲ್ ಬೇರೆಯಾಗಿ ಅಲುಗಲಿಲ್ಲ, ಅದರೊಂದಿಗೆ ಇಡೀ ಕಾರೇ ಸ್ವಲ್ಪ ಅಲುಗಿತು. ಹಾಗಿದ್ದರೆ ಸರಿ ಎಂದರು ಆರ್ಜೂ.

ಆದರೆ ಊರು ಬಿಟ್ಟು ವೇಗ ಏರುತ್ತಿದ್ದಂತೆ ಮೇಲಿನಿಂದ ಪೀಪಿ ಊದಿದಂಥ ಸದ್ದು ಬಂತು. ಕಸ್ತೂರೆಮ್ಮನ ಕೈ ಕಿವಿಗೆ ಹೋಯಿತು. ಸೂಗಪ್ಪ ಮೋರೆ ಸಪ್ಪೆ ಮಾಡಿಕೊಂಡು ಕಾರನ್ನು ಅಂಗಡಿಗೇ ತಿರುಗಿಸಿದ.

“ನಾ ಹೇಳಿದ್ದಿಲ್ಲೇನ್ರಿ?” ಎಂದ.

ಆರ್ಜೂ ಬೇಸರಪಡಲಿಲ್ಲ. ಕಂಬಿಗಳನ್ನು ಮತ್ತೊಮ್ಮೆ ನೋಡಿ, ಅವಸರದಲ್ಲಿ ತಾವೇ ಒಂದು ಕೆಲಸ ಮರೆತದ್ದಾಗಿ ಒಪ್ಪಿಕೊಂಡರು. ಕಂಬಿಯ ಮೇಲೆ ಉದ್ದಕ್ಕೂ ಒಂದು ಸೀಳು ಇತ್ತು. ಅದಕ್ಕೆ ಕೂರಿಸುವ ರಬ್ಬರ್ ಪಟ್ಟಿ ಡಬ್ಬಿಯಲ್ಲೇ ಉಳಿದಿತ್ತು. ಕೊಳಲಿನ ತೂತಿಗೆ ಊದಿದ ಹಾಗೆ ಗಾಳಿ ಆ ಸೀಳಿನಲ್ಲಿ ಊದುತ್ತಿತ್ತು. ಪಟ್ಟಿ ಹಾಕಿದರು, ಕಂಬಿಯ ತುದಿಗಳಿಗೆ ಮುಚ್ಚಳ ಒತ್ತಿದರು, ಪಟಪಟ ಬಡಿಯುತ್ತಿದ್ದ ಬೆಲ್ಟಿನ ಬಾಲಗಳನ್ನು ಸುತ್ತಿ ಸಿಕ್ಕಿಸಿದರು. ಇಷ್ಟಾದ ಮೇಲೂ ಸದ್ದು ಬಂದರೆ ಮುಂದಿನ ಕಂಬಿಗೆ ಗಾಳಿಯನ್ನು ಮೇಲೆ ಹಾರಿಸುವ ಫಲಕ ಹಾಕಬಹುದು. ಸದ್ದು ಪೂರ್ತಿ ಹೋಗುವುದಿಲ್ಲ, ಆದರೆ ಬಹಳ ತಗ್ಗುತ್ತದೆ. ವೇಗ ಇಳಿಸಿದರೆ ಇನ್ನೂ ತಗ್ಗುತ್ತದೆ ಎಂದು ಆರ್ಜೂ ಹೇಳಿದರು.

“ಸೈಕಲ್ ಮ್ಯಾಲ ಇದ್ದಾಗ ಸಾವಕಾಶ ಹೋಗ್ರಿ ಅಣ್ಣಾ. ಸ್ವಲ್ಪ ದೂರ ಹೋದ ಮ್ಯಾಲ ನಿಂದರ್ಸಿ ಎಲ್ಲಾ ಮತ್ತೊಮ್ಮೆ ಬಿಗಿ ನೋಡ್ರಿ. ತಗ್ಗು ಶೆಡ್ಡು, ಗೇಟು ಕಂಡ್ರ ಮ್ಯಾಲ ಏನೈತಿ ಅನ್ನೋದು ಮರೀಬ್ಯಾಡ್ರಿ.”

ಮುಂದಿನ ತಿಂಗಳು ಲಿಂಗಸುಗೂರಿನಲ್ಲಿ ಸ್ಪರ್ಧೆ. ಶಿವಕುಮಾರಿ ನಾಲ್ಕನೆಯವಳಾಗಿ ಬಂದಳು. ಮೂವರನ್ನು ಮಾತ್ರ ಮುಂದಕ್ಕೆ ಆರಿಸಿದರು. ಸೂಗಪ್ಪ ಸೈಕಲ್ ಮೇಲೇರಿಸಿ, ಬೆಲ್ಟ್ ಬಿಗಿದು, ಅಲ್ಲಾಡಿಸಿ ನೋಡಿ ಹೊರಟ. ಕಿಟಕಿಗಳು ಪೂರ್ತಿ ಮುಚ್ಚಿದ್ದವು. ಮೇಲೆ ಗಾಳಿ ಮೆಲ್ಲಗೆ ಸುಯ್ಯೆನ್ನುತ್ತಿತ್ತು, ಅಷ್ಟೇ. ಕಸ್ತೂರೆಮ್ಮ ಮಷಿನ್ ತೆಗೆದಿರಲಿಲ್ಲ.

ಬಹಳ ಹೊತ್ತಿನ ಮೇಲೆ ಹಿಂದಿನ ಸೀಟಿನಿಂದ ಸಣ್ಣ ದನಿ ಬಂತು.

“ಅಜ್ಜಿ, ಕಡೀ ತಿರುವಿನ್ಯಾಗ ನಾ ಹೆದರಿದ್ನಿ. ಸೈಕಲ್ ಬಿದ್ದಿದ್ದು ನೆನಪಾತು. ಬ್ರೇಕ್ ಹಿಡದುಬಿಟ್ನಿ.”

ಸೂಗಪ್ಪ ಕಾರಿನ ವೇಗ ಇಳಿಸಿದ. ಕಸ್ತೂರೆಮ್ಮ ಮೊಮ್ಮಗಳ ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡರು.

“ಇಷ್ಟು ದಿನ ನೀ ಬಾಯಿ ಆಡಸ್ತಿದ್ದಿ, ನಾ ಸುಮ್ನ ನಗ್ತಿದ್ನಿ. ಏನ್ ಹೇಳ್ತಿದ್ದಿ ಅಂತ ಒಂದೂ ಗೊತ್ತಾಗ್ತಿದ್ದಿಲ್ಲ. ಇವತ್ತು ಕೇಳ್ತವ್ವ. ಹೇಳು, ಇನ್ನೂ ಏನೈತಿ ಹೇಳು.”

ಅವಳು ಮಸ್ಕಿಯವರೆಗೂ ಹೇಳಿದಳು. ಮುಂದೆ ಕುಳಿತ ಅಪ್ಪನೂ ಪ್ರತಿ ಮಾತು ಕೇಳಿಸಿಕೊಂಡ. ಸೋತ ಮಾತನ್ನು ಯಾರೂ ಕೂಗಿ ಹೇಳುವುದಿಲ್ಲ. ಕೇಳುವಷ್ಟು ಸದ್ದಡಗಿದ ಜಾಗ ಇದ್ದರೆ ಮಾತ್ರ ಹೇಳುತ್ತಾರೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಸೈಕಲನ್ನೂ ಕಾರಿನ ಮೇಲೆ ಒಯ್ಯುವುದಿದ್ದರೆ ಬರೀ ಹಗ್ಗವನ್ನು ನಂಬಬೇಡಿ. ನಿಮ್ಮ ಕಾರಿಗೆ ಹೊಂದುವ ಕ್ಯಾರಿಯರ್ ಹಾಕಿಸಿ, ಚಾವಣಿ ತಡೆಯುವ ಭಾರ ನೋಡಿಕೊಳ್ಳಿ, ಕಂಬಿಯ ಸೀಳು ಮುಚ್ಚಿ, ಬೆಲ್ಟಿನ ತುದಿ ಸಿಕ್ಕಿಸಿ. ಕೆಲಸವಿಲ್ಲದ ದಿನ ಕ್ಯಾರಿಯರ್ ಇಳಿಸಿಡಿ, ಸದ್ದೂ ಇರುವುದಿಲ್ಲ, ಇಂಧನವೂ ಉಳಿಯುತ್ತದೆ. ಹೊರಡುವ ಮುಂಚೆ ಒಂದು ಗಳಿಗೆ ನಿಂತು ಸೈಕಲ್ಲನ್ನು ಕೈಯಿಂದ ಎಳೆದು ನೋಡಿ. ನಿಮ್ಮ ಹಿಂದೆ ಬರುವ ಬೈಕಿನಲ್ಲಿ ಯಾರದೋ ಮಡಿಲಲ್ಲಿ ಕೂಸು ಮಲಗಿರುತ್ತದೆ.