ಖೈರುನಬಿಯ ಬಲಭುಜ

ತಮ್ಮನ ಮದುವೆಗೆ ಹದಿನೈದು ದಿನ ಇರುವಾಗ ಸಪ್ನಾ ಜಂಪರಿನ ಬಟ್ಟೆ ತೆಗೆದುಕೊಂಡು ಖೈರುನಬಿಯ ಮನೆಗೆ ಹೋದಳು. ಬೈಲಹೊಂಗಲದ ಬಜಾರದ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಮುಂದಿನ ಕೋಣೆಯೇ ಹೊಲಿಗೆಯ ಅಂಗಡಿ. ಒಂದನೇ ತರಗತಿಯ ಯೂನಿಫಾರ್ಮಿನಿಂದ ಹಿಡಿದು ನೌಕರಿಯ ಸಂದರ್ಶನಕ್ಕೆ ಹೋದ ದಿನದ ಚೂಡಿದಾರದವರೆಗೆ ಸಪ್ನಾ ತೊಟ್ಟದ್ದೆಲ್ಲ ಇಲ್ಲಿ ಹೊಲಿದದ್ದು. ಈಗ ಅವಳು ಬೆಳಗಾವಿಯಲ್ಲಿ ಕೃತಕ ಕೀಲುಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರು. ಸೊಂಟದ ಕೀಲು, ಭುಜದ ಕೀಲು, ಎರಡರ ನಕ್ಷೆಯನ್ನೂ ಬಿಡಿಸುತ್ತಾಳೆ. ರವಿವಾರ ಊರಿಗೆ ಬಂದರೆ ಖೈರುನಬಿ ಚಾಚಿಯ ಅಂಗಡಿಯಲ್ಲಿ ಒಂದು ತಾಸು ಕೂತು ಹೋಗುವುದು ರೂಢಿ.

ಅಂದು ಖೈರುನಬಿ ಟೇಪು ಹಿಡಿದು ಎದ್ದಳು. ಸಪ್ನಾಳ ಬೆನ್ನಿನ ಅಳತೆ ತೆಗೆಯಬೇಕಾದಾಗ ಎಡಗೈಯಿಂದ ಬಲಗೈಯ ಮೊಣಕೈಯನ್ನು ಹಿಡಿದೆತ್ತಿ, ಅದನ್ನು ಸಪ್ನಾಳ ಹೆಗಲ ಮೇಲೆ ಸಾಮಾನು ಇಟ್ಟ ಹಾಗೆ ಇಟ್ಟಳು.

"ಚಾಚಿ, ಕೈಗೆ ಏನಾಗೇತಿ?"

"ಏನಿಲ್ಲ, ಮುನಿಸಿಕೊಂಡೈತಿ. ನೀ ನೆಟ್ಟಗ ನಿಲ್ಲು."

ಒಳಗಿನಿಂದ ಅವಳ ಗಂಡ ಅಕ್ಬರಸಾಬ ಚಹದ ಕಪ್ಪು ಹಿಡಿದು ಬಂದ. ಮೂವತ್ತು ವರ್ಷ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಟ್ರ್ಯಾಕ್ಟರಿನಲ್ಲಿ ಕಬ್ಬು ಸಾಗಿಸಿದವನು. ಈಗ ಮನೆಯಲ್ಲೇ ಇರುತ್ತಾನೆ. "ಅಕಿ ಹೇಳೂದಿಲ್ಲ, ನಾ ಹೇಳತೇನಿ ಕೇಳು," ಎಂದ. "ವರ್ಷ ಆತು, ಕೈ ಎದಿಮಟ್ಟಾ ಏರವಲ್ದು. ನೀ ಬಂದ್ರ ಕೆಲಸಾ ಬಿಟ್ಟು ಕುಂತ ಬಿಡತಾಳ, ನಿನಗ ತಿಳೀಗೊಟ್ಟಿಲ್ಲ. ಬಟ್ಟಿ ನಾ ಹಿಡಿತೇನಿ, ಅಕಿ ಎಡಗೈಲೆ ಕತ್ತರಸ್ತಾಳ. ತಲಿ ಬಾಚೂದೂ ನಾನ."

"ಬಾಚತಾನಂತ," ಎಂದಳು ಖೈರುನಬಿ. "ಎತ್ತಿಗೆ ಮೈ ತಿಕ್ಕಿದಂಗ ತಿಕ್ಕತಾನ."

ಸಪ್ನಾ ನಗಲಿಲ್ಲ. ದಿನವಿಡೀ ಭುಜದ ಚಿತ್ರಗಳನ್ನೇ ನೋಡುವ ಅವಳಿಗೆ, ಆ ಕೈ ಯಾಕೆ ಏಳುತ್ತಿಲ್ಲ ಎಂಬುದು ಅರ್ಧ ತಿಳಿದುಹೋಗಿತ್ತು.

ಮದುವೆ ಮುಗಿದ ವಾರ ಗಂಡ ಹೆಂಡತಿ ಇಬ್ಬರನ್ನೂ ಬೆಳಗಾವಿಗೆ ಕರೆದುಕೊಂಡು ಹೋಗಿ, ಮೂಳೆ ಡಾಕ್ಟರ್ ನಿಜಗುಣಪ್ಪನವರಿಗೆ ತೋರಿಸಿದಳು. ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ನಿಧಾನವಾಗಿ ವಿವರಿಸಿದರು. ಕೈ ಎತ್ತುವ ಸ್ನಾಯುರಜ್ಜು ಹರಿದು ಹಳೆಯದಾಗಿದೆ, ಕೀಲು ಸವೆದಿದೆ. ಇಂಥವರಿಗೆ ಕೀಲನ್ನು ತಿರುವಿ ಹಾಕುತ್ತಾರೆ: ಗುಂಡು ಇದ್ದಲ್ಲಿ ಬಟ್ಟಲು, ಬಟ್ಟಲು ಇದ್ದಲ್ಲಿ ಗುಂಡು. ಆಗ ಹರಿದ ಸ್ನಾಯುವಿನ ಕೆಲಸವನ್ನು ಹೊರಗಿನ ದೊಡ್ಡ ಸ್ನಾಯು ಮಾಡುತ್ತದೆ. ಗುಂಡು ನಿಲ್ಲುವುದಕ್ಕೆ ಮೊದಲು ಹೆಗಲ ಹಲಗೆಯ ಮೇಲೆ ಒಂದು ಲೋಹದ ತಟ್ಟೆಯನ್ನು ಸ್ಕ್ರೂ ಹಾಕಿ ಕೂರಿಸಬೇಕು.

"ಅಲ್ಲೇ ತ್ರಾಸ ಐತಿ," ಎಂದರು. "ಇವರ ಎಲುಬಿನ ಅಗಲ ಇಪ್ಪತ್ತೆರಡು ಮಿಲಿಮೀಟರ್. ನನ್ನ ಕಡೆ ಸಿಗೂ ಎಲ್ಲಾಕಿಂತ ಸಣ್ಣ ತಟ್ಟಿ ಇಪ್ಪತ್ತೈದು. ಅಂಚು ಹೊರಗ ಉಳಿತೈತಿ, ಸ್ಕ್ರೂ ಹಿಡಿಯೂದಿಲ್ಲ."

ಆ ಇಪ್ಪತ್ತೈದರ ತಟ್ಟೆ ಸಪ್ನಾಳ ಕಂಪನಿಯದೇ. ನಕ್ಷೆಯ ಮೂಲೆಯಲ್ಲಿ ಅವಳದೇ ಸಹಿ ಇತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಅದನ್ನು ಹೇಳಿಬಿಟ್ಟಳು. ಖೈರುನಬಿ "ಹಂಗಾರ ಸಣ್ಣದ ಮಾಡು," ಎಂದಳು, ಯಾರೋ ಜಂಪರ್ ಬಿಗಿಯಾಯಿತೆಂದು ದೂರಿದರೆ ಹೊಲಿಗೆ ಬಿಚ್ಚಿಕೊಡುತ್ತೇನೆ ಎನ್ನುವಷ್ಟು ಸಲೀಸಾಗಿ.

ಕಂಪನಿಯ ವಿನ್ಯಾಸ ವಿಭಾಗದ ಮುಖ್ಯಸ್ಥ ಮಲ್ಲಿಕಾರ್ಜುನ ಕೆಟ್ಟವನಲ್ಲ, ಎಚ್ಚರದ ಮನುಷ್ಯ. ಡಾಕ್ಟರಿಂದ ಇಂಥ ದೂರು ಮೊದಲೂ ಬಂದಿತ್ತು, ಹಾಗಾಗಿ ಸಣ್ಣ ತಟ್ಟೆ ಮಾಡಲು ಒಪ್ಪಿದ. ಸಪ್ನಾ ಇದ್ದ ದುಂಡು ತಟ್ಟೆಯನ್ನೇ ಎಲ್ಲ ಕಡೆ ಸಮನಾಗಿ ಕಿರಿದು ಮಾಡಿ ಇಪ್ಪತ್ತೆರಡಕ್ಕೆ ಇಳಿಸಿದಳು. ಅದನ್ನು ಎಲುಬಿನಷ್ಟೇ ಗಟ್ಟಿಯಾದ ಫೋಮಿನ ತುಂಡಿಗೆ ಕೂರಿಸಿ ಯಂತ್ರಕ್ಕೆ ಕೊಟ್ಟರು. ಯಂತ್ರ ತಟ್ಟೆಯ ಮೇಲಿನ ಅಂಚನ್ನೊಮ್ಮೆ ಕೆಳಗಿನ ಅಂಚನ್ನೊಮ್ಮೆ ಒತ್ತುತ್ತ ಒಂದು ಲಕ್ಷ ಸಲ ಅಲ್ಲಾಡಿಸುತ್ತದೆ. ಮನುಷ್ಯ ವರ್ಷಗಟ್ಟಲೆ ಕೈ ಎತ್ತಿ ಇಳಿಸುವ ಕೆಲಸ ಒಂದೂವರೆ ದಿನದಲ್ಲಿ ಮುಗಿಯುತ್ತದೆ. ಮೊದಲ ತಟ್ಟೆ ಅರವತ್ತು ಸಾವಿರಕ್ಕೇ ಸಡಿಲಾಯಿತು. ಸ್ಕ್ರೂ ಬದಲಿಸಿದಳು. ಎರಡನೆಯದು ಎಪ್ಪತ್ತು ಸಾವಿರಕ್ಕೆ ಸಡಿಲಾಯಿತು. ಮೂರನೆಯದೂ ನಿಲ್ಲಲಿಲ್ಲ.

ಆ ರವಿವಾರ ಅವಳು ಚಾಚಿಯ ಅಂಗಡಿಗೆ ಸಪ್ಪೆ ಮುಖ ಹಾಕಿಕೊಂಡು ಹೋದಳು. ಅಕ್ಬರಸಾಬ ಹಸಿರು ಬಟ್ಟೆಯೊಂದರ ಎರಡೂ ತುದಿ ಹಿಡಿದು ಕೂತಿದ್ದ. ಖೈರುನಬಿ ಎಡಗೈಯಿಂದ ಸುಣ್ಣದ ಗೆರೆ ಎಳೆಯುತ್ತಿದ್ದಳು.

"ತಟ್ಟಿ ನಿಂದರವಲ್ದು ಚಾಚಿ."

"ಎಷ್ಟ ಸಣ್ಣದ ಮಾಡೀದಿ?"

"ಎಲ್ಲಾ ಕಡೆ ಸಮ ಮಾಡಿ ಇಪ್ಪತ್ತೈದರಿಂದ ಇಪ್ಪತ್ತೆರಡಕ್ಕ ಇಳಿಸೇನಿ."

ಖೈರುನಬಿ ಸುಣ್ಣದ ತುಂಡನ್ನು ಕೆಳಗಿಟ್ಟಳು. "ಎಲ್ಲಾ ಕಡೆ ಯಾಕ? ಈ ಬಟ್ಟಿ ನೋಡು. ಕೃಷ್ಣವ್ವಂದು. ಅಕಿ ಮೈ ಗುಬ್ಬಿ ಮೈ. ಹೊಸದಾಗಿ ಕಲಿಯೂ ಹುಡುಗ್ಯಾರಿಗೆ ಕೊಟ್ರ ದೊಡ್ಡ ಜಂಪರನ್ನ ಎಲ್ಲಾ ಕಡೆ ಎರಡ ಬೆರಳ ಕಮ್ಮಿ ಮಾಡಿ ಹೊಲಿತಾರ. ಅದನ್ನ ಹಾಕ್ಕೊಂಡು ಕೈ ಎತ್ತಿದ್ರ ಕಂಕುಳಾಗ ಟರ್ ಅಂತೈತಿ. ಸಣ್ಣ ಹೆಂಗಸಂದ್ರ ಅಗಲ ಕಮ್ಮಿ ಇರತೈತಿ, ಉದ್ದ ಅಷ್ಟ ಕಮ್ಮಿ ಇರೂದಿಲ್ಲ. ಅಗಲದಾಗ ಹಿಡದು ಉದ್ದದಾಗ ಬಿಡಬೇಕ."

ಸಪ್ನಾಳಿಗೆ ಇದು ಹೊಸ ಸಂಗತಿಯಲ್ಲ. ಅದೇ ಅವಳನ್ನು ಚುಚ್ಚಿದ್ದು. ಡಾಕ್ಟರು ಕಳಿಸಿದ ನಲವತ್ತು ಹೆಂಗಸರ ಎಲುಬಿನ ಅಳತೆ ಅವಳ ಕಂಪ್ಯೂಟರಿನಲ್ಲಿತ್ತು. ಅಗಲ ಇಪ್ಪತ್ತೆರಡು, ಇಪ್ಪತ್ಮೂರು. ಎತ್ತರ ಮಾತ್ರ ಮೂವತ್ತರ ಮೇಲೆ. ಎಲುಬು ದುಂಡಗಿಲ್ಲ, ಮೊಟ್ಟೆಯಂತೆ ಇದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಕಂಪನಿಯ ತಟ್ಟೆಗಳೆಲ್ಲ ದುಂಡು, ಎಲುಬು ಕೊರೆಯುವ ಸಲಕರಣೆಗಳೆಲ್ಲ ದುಂಡು, ಹಾಗಾಗಿ ಅವಳೂ ದುಂಡನ್ನೇ ಬಿಡಿಸಿದ್ದಳು. ಕೇಳದೆ ಒಪ್ಪಿಕೊಂಡಿದ್ದಳು.

"ಚಹಾ ಆರತೈತಿ," ಎಂದ ಅಕ್ಬರಸಾಬ. ಸಪ್ನಾ ಅದನ್ನು ಒಂದೇ ಗುಟುಕಿಗೆ ಕುಡಿದು ಎದ್ದಳು.

ಸೋಮವಾರ ಅವಳು ಮೊಟ್ಟೆಯಾಕಾರದ ತಟ್ಟೆಯ ನಕ್ಷೆಯನ್ನು ಮಲ್ಲಿಕಾರ್ಜುನನ ಮುಂದಿಟ್ಟಳು. ಉದ್ದ ಹೆಚ್ಚಿದ್ದುದರಿಂದ ಮೇಲೊಂದು ಕೆಳಗೊಂದು ಸ್ಕ್ರೂ ಗಟ್ಟಿ ಎಲುಬಿನಲ್ಲಿ ಇಳಿಯುತ್ತಿದ್ದವು.

"ದುಂಡಗಿದ್ರ ಹೆಂಗ ತಿರುವಿದ್ರೂ ಕುಂದರತೈತಿ," ಎಂದ ಅವನು. "ಇದನ್ನ ಡಾಕ್ಟರು ಸ್ವಲ್ಪ ಓರಿ ಕುಂದರಿಸಿದ್ರ ಏನ ಮಾಡ್ತಿ? ತಪ್ಪು ನಮ್ಮ ಮ್ಯಾಲೆ ಬರತೈತಿ, ಪೇಶಂಟಿನ ಕೈ ಹೋಗತೈತಿ."

ಪ್ರಶ್ನೆ ನ್ಯಾಯವಾದದ್ದೇ. ಸಪ್ನಾ ಎರಡು ದುಂಡು ರಂಧ್ರಗಳನ್ನು ಒಂದರ ಮೇಲೊಂದು ಕೊರೆದು ಮೊಟ್ಟೆಯಾಕಾರ ಬರುವಂಥ ಸಲಕರಣೆ ಮಾಡಿದಳು. ನಿಜಗುಣಪ್ಪನವರು ಬಂದು ಪ್ಲಾಸ್ಟಿಕ್ ಎಲುಬಿನ ಮೇಲೆ ಪ್ರಯತ್ನಿಸಿದರು. ಮೊದಲನೆಯದು ಓರೆಯಾಗಿ ಕೂತಿತು. ಮಲ್ಲಿಕಾರ್ಜುನ ಅದನ್ನು ಬರೆದುಕೊಂಡ.

ಡಾಕ್ಟರು ಕೈಗವಸು ತೆಗೆಯಲಿಲ್ಲ. "ಒಳಗ ರಕ್ತ ಇರತೈತಿ, ಕಣ್ಣಿಗೆ ಏನೂ ಕಾಣೂದಿಲ್ಲ," ಎಂದರು. "ಮ್ಯಾಲ ಯಾವುದು, ಕೆಳಗ ಯಾವುದು ಅಂತ ನನ್ನ ಕೈಗೆ ತಿಳೀಬೇಕು. ಹಿಡಿಕಿಗೆ ಏನಾರ ಮಾಡು."

ಅವಳು ಸಲಕರಣೆಯ ಹಿಡಿಕೆಯ ಒಂದು ಬದಿಯನ್ನು ಹೆಬ್ಬೆರಳು ಕೂರುವಷ್ಟು ಚಪ್ಪಟೆ ಮಾಡಿಸಿದಳು. ಹೆಬ್ಬೆರಳು ಅಲ್ಲಿದ್ದರೆ ತಟ್ಟೆಯ ತಲೆ ಮೇಲೆ ಎಂದೇ ಅರ್ಥ. ಮುಂದಿನ ಸಲ ಡಾಕ್ಟರು ಹನ್ನೆರಡು ಎಲುಬುಗಳಿಗೆ ಕೂರಿಸಿದರು. ಹನ್ನೆರಡೂ ನೆಟ್ಟಗೆ ಕೂತವು. ಯಂತ್ರ ಲಕ್ಷ ದಾಟಿತು. ಮಲ್ಲಿಕಾರ್ಜುನ ಇನ್ನೊಂದು ಲಕ್ಷಕ್ಕೆ ಬಿಡಲು ಹೇಳಿದ. ಅದನ್ನೂ ದಾಟಿತು.

ಇಷ್ಟಾದರೂ ಕೀಲು ಅಂಗಡಿಗೆ ಬರುವ ವಸ್ತುವಲ್ಲ. ಕಾಗದಪತ್ರ ಹೋಗಬೇಕು, ಪ್ರಶ್ನೆ ಬರಬೇಕು, ಉತ್ತರ ಹೋಗಬೇಕು. ಪರವಾನಗಿಗೆ ಒಂದೂವರೆ ವರ್ಷ ಹಿಡಿಯಿತು. ಪ್ರತಿ ಶುಕ್ರವಾರ ಮಧ್ಯಾಹ್ನ ಖೈರುನಬಿಯ ಫೋನು ಬರುತ್ತಿತ್ತು.

"ಹೆಗಲ ಎಲ್ಲಿಗೆ ಬಂತು?"

"ಎಲ್ಲಾ ಆಗೇತಿ ಚಾಚಿ. ಒಂದ ಸಹಿ ಅಷ್ಟ ಉಳದೈತಿ."

"ಕಾಜಾ ಗುಂಡಿ ಅಷ್ಟ ಉಳದೈತಿ ಅನ್ನು. ನಲವತ್ತ ವರ್ಷ ನಾನೂ ಮಂದಿಗೆ ಇದನ್ನ ಹೇಳೇನಿ. ಬಟ್ಟಿ ಇನ್ನೂ ಕತ್ತರಿಸಿರೂದಿಲ್ಲ."

ಕೊನೆಗೂ ಕಬ್ಬಿನ ಹಂಗಾಮು ಶುರುವಾದ ತಿಂಗಳು ಆಪರೇಶನ್ನಿನ ದಿನ ಗೊತ್ತಾಯಿತು. ನಾಲ್ಕು ದಿನ ಮೊದಲು ಸಪ್ನಾ ಒಂದು ಮಾದರಿ ತಟ್ಟೆ ಮತ್ತು ಗುಂಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಳು. ಮೈಯೊಳಗೆ ಹೋಗುವ ವಸ್ತುವನ್ನು ನೋಡದೆ ಒಪ್ಪುವುದಿಲ್ಲ ಎಂದು ಖೈರುನಬಿ ಹಟ ಹಿಡಿದಿದ್ದಳು. ಅಂಗೈಯಲ್ಲಿಟ್ಟುಕೊಂಡು ಅಂಚಿನ ಗುಂಟ ಹೆಬ್ಬೆರಳು ಆಡಿಸಿದಳು, ಹೊಲಿಗೆಯ ಗಂಟು ಹುಡುಕುವವಳಂತೆ. ಎಲ್ಲಿಯೂ ತಡೆಯಲಿಲ್ಲ.

"ಹಗುರ ಐತಿ," ಎಂದಳು. "ಇಷ್ಟ ಸಣ್ಣದಕ್ಕ ಎರಡೂವರಿ ವರ್ಷ."

ಅಕ್ಬರಸಾಬ ಗುಂಡನ್ನು ತೆಗೆದುಕೊಂಡು ತಿರುವಿ ನೋಡಿದ. "ಇದು ಟ್ರ್ಯಾಕ್ಟರಿನ ಸ್ಟೇರಿಂಗ್ ಬಾಲ್ ಜಾಯಿಂಟ್ ಇದ್ದಂಗ ಐತಿ. ಗ್ರೀಸು ಯಾರ ಹಾಕತಾರ?"

"ಮೈಯಾಗಿನ ನೀರ ಗ್ರೀಸು, ಚಾಚಾ."

"ಆತು ಬಿಡು. ಅಕಿ ಮೈಯಾಗ ಅದಕ್ಕೇನ ಬರಾ ಇಲ್ಲ," ಎಂದ. ಆದರೆ ಗುಂಡನ್ನು ವಾಪಸು ಕೊಡುವ ಮೊದಲು ಅದನ್ನು ಅಂಗಿಯ ತುದಿಯಿಂದ ಎರಡು ಸಲ ಒರೆಸಿದ. ಖೈರುನಬಿ ಅದನ್ನು ನೋಡಿ, ನೋಡದವಳಂತೆ ಮಷೀನಿನ ಮೇಲಿನ ದಾರ ಸುತ್ತತೊಡಗಿದಳು.

ಆಪರೇಶನ್ನಿನ ದಿನ ಕಂಪನಿಯವರು ಒಬ್ಬರು ಒಳಗಿದ್ದು ಸಲಕರಣೆ ಎತ್ತಿಕೊಡುವ ಸಿಬ್ಬಂದಿಗೆ ಯಾವುದರ ನಂತರ ಯಾವುದು ಎಂದು ಹೇಳಬೇಕು. ಆ ಕೆಲಸ ಸಪ್ನಾಳದೇ ಆಗಿತ್ತು. ಹಸಿರು ಉಡುಪು ತೊಟ್ಟು ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು. ಎಷ್ಟೋ ಆಪರೇಶನ್ನಿಗೆ ಒಳಗೆ ಹೋಗಿದ್ದಳು. ಮುಖಕ್ಕೆ ಪರದೆ ಹಾಕಿರುತ್ತಾರೆ, ಕಾಣುವುದು ಒಂದು ಭುಜ ಮಾತ್ರ. ಈ ಭುಜ ಯಾರದೆಂದು ಅವಳಿಗೆ ಗೊತ್ತಿತ್ತು.

"ಸರ್, ನನ್ನ ಕೈಲೆ ಆಗೂದಿಲ್ಲ. ನೀವ ಹೋಗ್ರಿ," ಎಂದಳು.

ಮಲ್ಲಿಕಾರ್ಜುನ ಉಡುಪು ಬದಲಿಸಲು ಹೋದ. ಸಪ್ನಾ ಹೊರಗಿನ ಬೆಂಚಿನ ಮೇಲೆ ಅಕ್ಬರಸಾಬನ ಪಕ್ಕ ಕೂತಳು. ಅವನು ಜಪಮಣಿ ಎಣಿಸುತ್ತಿದ್ದ. ನಡುವೆ ಒಮ್ಮೆ ನಿಲ್ಲಿಸಿ, "ಲಗ್ನಾದ ಹೊಸದಾಗಿ ಅಕಿ ನನಗ ಒಂದ ಅಂಗಿ ಹೊಲದಿದ್ಲು," ಎಂದ. "ಎಡತೋಳ ಉದ್ದ, ಬಲತೋಳ ಗಿಡ್ಡ ಆಗಿತ್ತು. ಆರ ವರ್ಷ ಹಾಕ್ಕೊಂಡೆ. ಅಕಿಗೆ ಹೇಳಿಲ್ಲ."

"ಚಾಚಿಗೆ ಇನ್ನೂ ಗೊತ್ತಿಲ್ಲೇನು?"

"ಗೊತ್ತೈತಿ. ಅಕೀನೂ ಹೇಳಿಲ್ಲ."

ಎರಡು ತಾಸಾದ ಮೇಲೆ ಮಲ್ಲಿಕಾರ್ಜುನ ಹೊರಬಂದು ಮುಖಗವಸು ಇಳಿಸಿದ. "ಕುಂತತು," ಎಂದ. ಓರೆಯಾದರೆ ಏನು ಮಾಡುತ್ತಿ ಎಂದು ಕೇಳಿದವನೂ ಅವನೇ, ಯಂತ್ರವನ್ನು ಎರಡನೆಯ ಲಕ್ಷಕ್ಕೆ ಬಿಡಿಸಿದವನೂ ಅವನೇ. ಈಗ ಅವನ ಕಣ್ಣುಗಳು ಒದ್ದೆಯಾಗಿದ್ದವು. "ಅಂಚು ಎಲ್ಲೂ ಹೊರಗ ಬಂದಿಲ್ಲ. ಡಾಕ್ಟರು ಅಂದ್ರು, ಆ ಎಲುಬಿಗೇ ಅಳತಿ ತಗೊಂಡು ಹೊಲದಂಗ ಐತಿ ಅಂತ."

ಆರು ವಾರ ಕೈ ಜೋಳಿಗೆಯಲ್ಲಿತ್ತು. ಅಕ್ಬರಸಾಬ ಅನ್ನ ಕಲಸಿ ಕೊಟ್ಟ, ತಲೆ ಬಾಚಿದ, ಬೈಸಿಕೊಂಡ. ಮೂರನೆಯ ತಿಂಗಳು ಕೈ ಭುಜದ ಮಟ್ಟಕ್ಕೆ ಬಂತು. ನಾಲ್ಕನೆಯ ತಿಂಗಳ ಒಂದು ಬೆಳಿಗ್ಗೆ ಅವನು ಬಾಚಣಿಗೆ ಹಿಡಿದು ಬರುವಷ್ಟರಲ್ಲಿ ಖೈರುನಬಿ ತುರುಬು ಕಟ್ಟಿಕೊಂಡು ಕೂತಿದ್ದಳು. ಅವನು ಸಪ್ನಾಳಿಗೆ ಫೋನು ಮಾಡಿ ಹೇಳಿದ: "ನನ್ನ ಕೆಲಸಾ ಹೋತು ನೋಡು." ಖುಷಿಯೂ ಇತ್ತು ದನಿಯಲ್ಲಿ, ಸ್ವಲ್ಪ ಬೇಜಾರೂ ಇತ್ತು.

ಎಲ್ಲವೂ ಸರಿಹೋಯಿತೆಂದಲ್ಲ. ಈ ಬಗೆಯ ಕೀಲು ಕೈಯನ್ನು ಮೇಲೆತ್ತಿಸುತ್ತದೆ, ಬೆನ್ನ ಹಿಂದೆ ಸಲೀಸಾಗಿ ಬಿಡುವುದಿಲ್ಲ. ರವಿವಾರ ಸಪ್ನಾ ಹೋದಾಗ ಖೈರುನಬಿ ಮಷೀನಿನ ಮುಂದೆ ಕೂತು, ಹೊಲಿಗೆ ನಿಲ್ಲಿಸದೆಯೇ ದೂರಿದಳು. "ಬೆನ್ನ ಕಡೆ ಕೈ ಹೋಗವಲ್ದು. ಮುಂದಿನಾಕಿಗೆ ಮಾಡುವಾಗ ಅದನ್ನಿಷ್ಟು ನೋಡು."

"ನೋಡತೇನಿ ಚಾಚಿ," ಎಂದಳು ಸಪ್ನಾ. ಬರೆದುಕೊಂಡಳು ಕೂಡ.

ಮುಂದಿನವಳು ರಾಮದುರ್ಗ ಕಡೆಯ ಸಾಲಹಳ್ಳಿಯ ಮುದಕವ್ವ. ಅವಳದೂ ಸಣ್ಣ ಎಲುಬು. ಆದರೆ ಆಪರೇಶನ್ ಎಂದರೆ ಬೇಡವೆನ್ನುತ್ತಾಳೆ, ಮಾಡಿಸಿಕೊಂಡವರು ಯಾರಾದರೂ ಮಾತಾಡಿದರೆ ಒಳ್ಳೆಯದು ಎಂದು ನಿಜಗುಣಪ್ಪನವರು ಹೇಳಿಕಳಿಸಿದ್ದರು. ಖೈರುನಬಿ ಹೊಸ ಸೀರೆ ಉಟ್ಟು ಹೊರಟಳು. ಯರಗಟ್ಟಿಯ ಮೇಲಿಂದ ಹೋಗುವ ಬಸ್ಸಿನಲ್ಲಿ ಸಪ್ನಾಳಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟಳು.

ಮುದಕವ್ವ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು, ಎಡಗೈಯಿಂದಲೇ. ಉಂಡ ಮೇಲೆ ಇಬ್ಬರೂ ಎದುರುಬದುರು ಕೂತರು.

"ಬ್ಯಾಸಗ್ಯಾಗ ಕಾಯತೈತೇನ್ರಿ ಒಳಗ?"

"ಇಲ್ಲವಾ. ಅದು ಐತಿ ಅನ್ನೂದ ಮರೆತು ಹೋಗತೈತಿ."

"ಎತ್ತಿ ತೋರಸ್ರಿ."

ಖೈರುನಬಿ ಎದ್ದು, ಗೋಡೆಯ ಗೂಟಕ್ಕೆ ನೇತುಹಾಕಿದ್ದ ಮುದಕವ್ವನ ಟಾವೆಲ್ಲನ್ನು ಬಲಗೈಯಿಂದ ತೆಗೆದು ಅವಳ ತೊಡೆಯ ಮೇಲಿಟ್ಟಳು. ಮುದಕವ್ವ ತಡಮಾಡಿ, ಕೈ ಚಾಚಿ, ಸೆರಗಿನ ಮೇಲಿಂದಲೇ ಆ ಭುಜವನ್ನು ಮುಟ್ಟಿದಳು. ಮುಟ್ಟಿದ ಕೈಯನ್ನು ಬೇಗ ತೆಗೆಯಲಿಲ್ಲ.

"ಬೆಚ್ಚಗ ಐತಿ," ಎಂದಳು. ಆಮೇಲೆ ಕೇಳಿದಳು, "ನೀವು ಬರ್ತೀರೇನ್ರಿ ಆ ದಿನ?"

"ಬರತೇನಿ. ನಮ್ಮ ಮನ್ಯಾಂವನೂ ಬರತಾನ, ಬ್ಯಾಡ ಅಂದ್ರೂ."

ಹೊರಡುವಾಗ ಮುದಕವ್ವ ಒಂದು ಚೀಲದ ತುಂಬ ಹಸಿ ಕಡಲೆ ಗಿಡ ಕಟ್ಟಿಕೊಟ್ಟಳು. ಖೈರುನಬಿ ಅದನ್ನು ಬಲಗೈಯಲ್ಲಿ ಎತ್ತಿಕೊಂಡಳು. ಭಾರ ಎತ್ತಬಾರದೆಂದು ಸಪ್ನಾ ಕಿತ್ತುಕೊಳ್ಳಲು ಹೋದಳು. ಖೈರುನಬಿ ಬಿಡಲಿಲ್ಲ. ಬಸ್ ನಿಲ್ದಾಣದವರೆಗೆ ಒಬ್ಬೊಬ್ಬರು ಒಂದೊಂದು ಹಿಡಿಕೆ ಹಿಡಿದು ನಡೆದರು, ದಾರಿಯುದ್ದಕ್ಕೂ ಜಗಳಾಡುತ್ತ.